ಲಾನ್‌ನ್ಯಾಗಿನ ಗುಲಾಬಿ ಹೂವಿನ ಕಸ: ಎಣ್ಣಿ ಹೊಡಿಯೂಕಿಂತ ಮೊದ್ಲ ಗಡ್ಡಿ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಮಳಿ ಹಿಡದ ಮ್ಯಾಲೆ ನಮ್ಮ ಟಿಳಕವಾಡಿ ಕಡೆ ಭಾಳ ಮನಿ ಲಾನ್‌ನ್ಯಾಗ ಸಣ್ಣ ಗುಲಾಬಿ ಹೂ ಎದ್ದಾವು. ಒಬ್ರು ಕ್ಲೋವರ್ (ಮೂರೆಲಿ ಮೇವಿನ ಗಿಡ) ಅಂತಾರ, ಇನ್ನೊಬ್ರು ಹೊಸಾ ನಮೂನಿ ಕಾಂಗ್ರೆಸ್ ಕಸ ಅಂತಾರ, ಮೊಬೈಲ್ ಆ್ಯಪ್ ಅಂತೂ ಒಂದೊಂದು ಫೋಟೋಕ್ಕ ಒಂದೊಂದು ಹೆಸರು ಹೇಳ್ತೈತಿ, ಇದೇನಂತ ಗೊತ್ತಾಗೂಕಿಂತ ಮೊದ್ಲ ಎಣ್ಣಿ ಹೊಡಿಯೋದು ಸುರು.

ಇದು ಆಕ್ಸಾಲಿಸ್ ಲ್ಯಾಟಿಫೋಲಿಯಾ, ಮೂಲ ಮೆಕ್ಸಿಕೋ ಕಡೇದು. ಒಂದು ದಂಟಿಗೆ ಮೂರು ಎಲಿ, ತ್ರಿಕೋನ ಆಕಾರ, ತುದಿ ಮೀನಿನ ಬಾಲದಂಗ ಸೀಳಿರ್ತೈತಿ, ರಾತ್ರಿ ಮಡಚಿಕೊಳ್ತಾವು. ಹೂವಿಗೆ ಐದು ಪಕಳಿ. ಕ್ಲೋವರ್ ಆಗಿದ್ರ ಸಣ್ಣ ಸಣ್ಣ ಹೂ ಒಂದ ಕಡೆ ದುಂಡಗ ಕೂಡಿರ್ತಾವು. ಹಳದಿ ಹೂವಿನ ಹುಳಿ ಸೊಪ್ಪು ಇದರ ಜಾತೀದ, ಆದ್ರ ಅದಕ್ಕ ಗಡ್ಡಿ ಇರಂಗಿಲ್ಲ. ಇನ್ನೂ ಅನುಮಾನ ಇದ್ರ ಕುರ್ಪಿಲೆ ಒಂದು ಗಿಡ ಅಗದು ಬುಡ ನೋಡ್ರಿ, ಒಂದು ಗಡ್ಡಿ, ಅದರಿಂದ ಎಳಿ ಹೊಂಟು ತುದೀಗೆ ಮರಿಗಡ್ಡಿ.

ಎಲ್ಲಾ ತ್ರಾಸು ಈ ಮರಿಗಡ್ಡೀದ. ಕೈಲೆ ಜಗ್ಗಿದ್ರ ಎಲಿ ಅಷ್ಟ ಬರ್ತಾವು, ಗಡ್ಡಿ ಒಳಗ ಉಳಿತೈತಿ. ಮಷಿನ್‌ಲೆ ಹುಲ್ಲು ಕತ್ತರಿಸಿದ್ರೂ ಅಷ್ಟ. ಮಣ್ಣು ತಿರುವಿ ಹಾಕೋದು ಇನ್ನೂ ಕೆಟ್ಟದ್ದು. ನಮ್ಮ ಮನಿ ಹತ್ರದ ಒಂದು ಪಾರ್ಕಿನ್ಯಾಗ ಕಸ ತೆಗಿತೀವಂತ ಟಿಲ್ಲರ್ ಹೊಡದ್ರು, ಒಂದು ಮೂಲ್ಯಾಗ ಇದ್ದದ್ದು ಈಗ ಪಾರ್ಕ್ ತುಂಬೈತಿ, ಮ್ಯಾಲೆ ಅದ ಮಣ್ಣು ಟ್ರ್ಯಾಕ್ಟರ್ ತುಂಬಿ ಬ್ಯಾರೆ ಕಡೆ ಕಳಿಸಿದ್ರು, ಏನ್ ಹೇಳೂದ್ರಿ ಇದಕ್ಕ!

ಅಂಗಡ್ಯಾಗ 2,4-ಡಿ ಅನ್ನೋ ಅಗಲ ಎಲಿ ಕಸದ ಎಣ್ಣಿ ಕೊಡ್ತಾರ, ಅದು ಹುಲ್ಲಿಗೆ ಏನೂ ಮಾಡಂಗಿಲ್ಲ ಖರೆ, ಆದ್ರ ಇದರ ಎಲಿ ಸುಟ್ರೂ ಗಡ್ಡಿ ಮತ್ತ ಚಿಗೀತೈತಿ. ಹುಲ್ಲು, ಕಸ ಎಲ್ಲಾ ಸಾಯಿಸೋ ಗ್ಲೈಫೋಸೇಟ್ ಎಣ್ಣಿ ಹೊಡದ್ರ ಲಾನೂ ಹೋತು. ಗಾಳಿಗೆ 2,4-ಡಿ ಹಾರಿ ಹೋದ್ರ ಬಾಜೂಕಿನ ಟೊಮ್ಯಾಟೊ, ಹತ್ತಿ, ದ್ರಾಕ್ಷಿ ಎಲ್ಲಾ ಮುರುಟತಾವು, ಅಥಣಿ, ವಿಜಯಪುರ ಕಡೆ ದ್ರಾಕ್ಷಿ ಹಚ್ಚಿದವರಿಗೆ ಇದನ್ನ ಹೇಳೋದೇ ಬ್ಯಾಡ.

ಹಂಗಾರ ಮಾಡೋದೇನು? ಮಣ್ಣು ಮೆತ್ತಗಿದ್ದಾಗ, ಎಲಿ ಈಗಷ್ಟ ಬಂದಿದ್ದಾಗ, ಮರಿಗಡ್ಡಿ ಬಲಿಯೂದ್ರಾಗ ಮಣ್ಣಿನ ಸಮೇತ ಎತ್ತಿ ತೆಗೀಬೇಕು. ತಿಪ್ಪಿಗೆ ಒಗೀಬ್ಯಾಡ್ರಿ, ಗೊಬ್ಬರದ ಸಂಗಾಟ ತಿರುಗಿ ಬರ್ತೈತಿ. ಒಂದ ಸಲಕ್ಕ ಮುಗಿಯೋ ಕೆಲಸ ಅಲ್ಲ, ಮುಂದಿನ ಮಳಿಗಾಲಕ್ಕೂ ಕಣ್ಣಿಟ್ಟಿರಬೇಕು. ಪೂರ್ತಿ ಲಾನ್ ಕೆಟ್ಟಿದ್ರ ಏಪ್ರಿಲ್-ಮೇ ಬಿಸಲಿನ್ಯಾಗ ಹುಲ್ಲು ಕೆತ್ತಿ, ನೆಲ ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳಿ ಹಾಸಿ, ಅಂಚಿಗೆ ಮಣ್ಣು ಏರಿಸಿ 4ರಿಂದ 6 ವಾರ ಬಿಡ್ರಿ. ಮ್ಯಾಲಿನ ಗಡ್ಡಿ ಭಾಳಷ್ಟು ಬೇಯ್ತಾವು, ಆಳದಾಗಿನವು ಉಳಿಬಹುದು, ಆಮ್ಯಾಲೆ ಹೊಸಾ ಹುಲ್ಲು ಹಚ್ರಿ. ನರ್ಸರಿಯಿಂದ ಗಿಡ ತರುವಾಗ ಪಾಕೀಟಿನ ಮಣ್ಣೂ ಕೆದರಿ ನೋಡ್ರಿ, ಈ ಕಸ ಬರೋ ದೊಡ್ಡ ದಾರಿ ಅದ.

ನಿಮ್ಮ ಕೃಷಿ ಪುಟದಾಗ ಕಬ್ಬು, ಹತ್ತಿ ಬಗ್ಗೆ ಚಲೋ ಬರೀತೀರಿ. ಇಂಥ ಕಸದ ಫೋಟೋನೂ ವಾರಕ್ಕೊಂದು ಹಾಕ್ರಿ, ಬುಡ, ಗಡ್ಡಿ ಕಾಣೂವಂಗ. ಬಾಗಲಕೋಟೆ ತೋಟಗಾರಿಕೆ ವಿವಿ, ಅರಭಾವಿ ಕಾಲೇಜು, ಮತ್ತಿಕೊಪ್ಪ ಕೃಷಿ ವಿಜ್ಞಾನ ಕೇಂದ್ರದಾಗ ತಿಳದವರು ಅದಾರ, ಅವರ ಕಡಿಂದ ಬರಸ್ರಿ. ಪಾರ್ಕ್ ನೋಡಕೊಳ್ಳೋ ಗುತ್ತಿಗೆದಾರ್ರಿಗೂ ಟಿಲ್ಲರ್ ಹೊಡಿಯೂಕಿಂತ ಮೊದ್ಲ ಒಂದು ಗಿಡ ಅಗದು ನೋಡ್ರಿ ಅಂತ ಯಾರರ ಹೇಳ್ರಿ.

ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ