ಮಜ್ಜಿಗೆ ಹುಲ್ಲಿನ ಎಣ್ಣೆ: ಲೇಬಲ್‌ನಿಂದ ಒಂದು ಸಾಲು ತೆಗೆದಿದ್ದೇವೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳಿಂದ ನಿಮ್ಮ ಕೈಗೆ ಬರುವ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ಬಾಟಲಿ ಮೇಲೆ ‘ರೋಗಾಣುಗಳನ್ನು ಕೊಲ್ಲುತ್ತದೆ’ ಅನ್ನುವ ಸಾಲು ಇರುವುದಿಲ್ಲ. ಎಣ್ಣೆ ಬದಲಾಗಿಲ್ಲ. ಅದೇ ಹುಲ್ಲು, ಅದೇ ಭಟ್ಟಿ. ಸಾಲು ಯಾಕೆ ಹೋಯಿತು ಅಂತ ಹೇಳಬೇಕಲ್ಲ, ಅದಕ್ಕೇ ಈ ಪತ್ರ.

ಮಳೆಗಾಲದಲ್ಲಿ ಗ್ರಾಹಕರೊಬ್ಬರು ಫೋನ್ ಮಾಡಿದ್ದರು. ತೋಟದಲ್ಲಿ ಅವರ ಅಪ್ಪನ ಕಾಲಿಗೆ ಕತ್ತಿ ತಾಗಿತ್ತಂತೆ. ಲೇಬಲ್ ಓದಿ, ನಮ್ಮ ಎಣ್ಣೆಯನ್ನು ನೇರ ಗಾಯಕ್ಕೇ ಸುರಿದಿದ್ದಾರೆ. ಉರಿ ತಡೆಯಲಾಗದೆ ಹಿರಿಯರು ರಾತ್ರಿಯಿಡೀ ಮಲಗಲಿಲ್ಲ. ಬೆಳಿಗ್ಗೆ ನೋಡಿದರೆ ಗಾಯದ ಸುತ್ತ ಬೊಕ್ಕೆ. ಟಿಟಿ ಇಂಜೆಕ್ಷನ್ ಹಾಕಿಸಿದ್ದು ಆಮೇಲೆ. ಫೋನ್ ಮಾಡಿದವರು ಬೈಯಲಿಲ್ಲ. “ನೀವೇ ಬರೆದಿದ್ದೀರಲ್ಲ, ಅದಕ್ಕೇ ಹಾಕಿದ್ವಿ” ಅಂದರು, ಅಷ್ಟೇ. ನಮಗೆ ಏನು ಹೇಳಬೇಕೋ ತೋಚಲಿಲ್ಲ.

ಆ ಸಾಲು ಪೂರ್ತಿ ಸುಳ್ಳೂ ಅಲ್ಲ. ಈ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಸಿಟ್ರಾಲ್ ಅನ್ನುವ ರಾಸಾಯನಿಕ ಇರುತ್ತದೆ. ಮೂಗಿಗೆ ನಿಂಬೆ ವಾಸನೆ ಬಡಿಯುವುದು ಅದರಿಂದಲೇ. ಸೂಕ್ಷ್ಮಾಣುವಿನ ಮೈಮೇಲಿನ ಪೊರೆ ಜಿಡ್ಡಿನದು. ಎಣ್ಣೆ ಅದರೊಳಗೆ ಸೇರಿ ಪೊರೆಯನ್ನು ಸಡಿಲ ಮಾಡುತ್ತದೆ, ಒಳಗಿನದು ಸೋರಿಹೋಗುತ್ತದೆ. 1999ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 52 ಸಸ್ಯ ಎಣ್ಣೆ ಮತ್ತು ಸಾರಗಳನ್ನು 10 ಬಗೆಯ ಸೂಕ್ಷ್ಮಾಣುಗಳ ಮೇಲೆ ಪರೀಕ್ಷಿಸಿದ್ದರು. ಹತ್ತನ್ನೂ ತಡೆದ ಮೂರೇ ಮೂರು ಎಣ್ಣೆಗಳಲ್ಲಿ ಮಜ್ಜಿಗೆ ಹುಲ್ಲಿನದೂ ಒಂದು. ಇದನ್ನು ಓದಿ ನಾವು ಬೀಗಿದ್ದು ನಿಜ.

ಆದರೆ ಆ ಪರೀಕ್ಷೆಯಲ್ಲಿ ಹತ್ತನ್ನೂ ತಡೆಯಲು ಬಳಸಿದ ಎಣ್ಣೆಯ ಪ್ರಮಾಣ 2%ವರೆಗೂ ಇತ್ತು. ನಾವು ನಿಮಗೆ ಹೇಳಿದ್ದು ‘ಒಂದು ಬಕೆಟ್ ನೀರಿಗೆ 10 ಹನಿ ಹಾಕಿ ನೆಲ ಒರೆಸಿ’ ಅಂತ. ಲೆಕ್ಕ ಹಾಕಿ ನೋಡಿ. 10 ಹನಿ ಅಂದರೆ ಸುಮಾರು ಅರ್ಧ ಎಂಎಲ್. ಬಕೆಟ್ ನೀರು 10 ಲೀಟರ್. 2% ಆಗಬೇಕಾದರೆ 200 ಎಂಎಲ್ ಬೇಕು, ಅಂದರೆ ನಮ್ಮ 10 ಎಂಎಲ್ ಬಾಟಲಿ 20! ಅಷ್ಟು ಸುರಿದರೂ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಬೆರೆಯುವುದಿಲ್ಲ. ಹತ್ತು ಹನಿಗೆ ಮನೆ ಘಮ್ಮೆನ್ನುತ್ತದೆ, ಅದಂತೂ ಖಂಡಿತ. ಕ್ರಿಮಿ ಸಾಯುತ್ತದೆ ಅಂತ ಇನ್ನು ನಾವು ಹೇಳುವುದಿಲ್ಲ.

ಸಂಘದ ಮೀಟಿಂಗ್‌ನಲ್ಲಿ ಎಲ್ಲರೂ ಒಪ್ಪಲಿಲ್ಲ. “ಬೇರೆಯವರೆಲ್ಲ ಬರೆದುಕೊಂಡೇ ಮಾರ್ತಿದ್ದಾರೆ, ನಮಗೊಬ್ಬರಿಗೆ ಯಾಕೆ?” ಅಂದವರೂ ಇದ್ದರು. ನೂರು ಕೆಜಿ ಹಸಿ ಹುಲ್ಲು ಭಟ್ಟಿ ಇಳಿಸಿದರೆ ಅರ್ಧ ಕೆಜಿ ಎಣ್ಣೆ ಸಿಕ್ಕರೆ ಹೆಚ್ಚು. ಮಾರಾಟ ಬಿದ್ದರೆ ಎನ್ನುವ ಹೆದರಿಕೆ ಅವರದು, ಅದೂ ತಪ್ಪಲ್ಲ.

ಹೊಸ ಲೇಬಲ್‌ನಲ್ಲಿ ಇಷ್ಟಿದೆ: ಮನೆ ಸುವಾಸನೆಗೆ. ಮೈಗೆ ಹಚ್ಚುವುದಾದರೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ 3 ಹನಿ, ಜಾಸ್ತಿ ಬೇಡ. ಮೊದಲು ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಕೆಲವರಿಗೆ ಸಿಟ್ರಾಲ್ ಆಗಿಬರುವುದಿಲ್ಲ. ಗಾಯಕ್ಕೆ, ಕಣ್ಣಿಗೆ ಬೇಡ. ಕುಡಿಯಬಾರದು. ಮಕ್ಕಳ ಕೈಗೆ ಸಿಗದಂತೆ ಇಡಿ.

ಬಾಟಲಿಯೂ ಬದಲಾಗಿದೆ. ಹಳೆಯದರ ಡ್ರಾಪರ್ ರಬ್ಬರ್ ಎಣ್ಣೆ ತಾಗಿ ಉಬ್ಬಿ ಅಂಟಂಟಾಗುತ್ತಿತ್ತು, ನೀವೂ ನೋಡಿರುತ್ತೀರಿ. ಈಗ ಕಂದು ಗಾಜಿನ ಬಾಟಲಿ, ಒಳಗೆ ಹನಿ ಬೀಳಿಸುವ ಚಿಕ್ಕ ಬಿರಡೆ. ಬೆಳಕಿಗೆ ಎಣ್ಣೆ ಬೇಗ ಕೆಡುವುದೂ ತಪ್ಪುತ್ತದೆ. ಬೆಲೆ ಹಿಂದಿನದೇ.

ಹಳೇ ಲೇಬಲ್‌ನ ಬಾಟಲಿಗಳು ಗೋದಾಮಿನಲ್ಲಿ ಇನ್ನೂ ಉಳಿದಿವೆ. ಆ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿ ಕಳಿಸುತ್ತೇವೆ. ನೋಡಲು ಚೆಂದ ಇಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಮನೆಯಲ್ಲಿ ಹಳೆಯದಿದ್ದರೆ ನೀವೇ ಪೆನ್ನಿನಲ್ಲಿ ಗೀಟು ಎಳೆದುಬಿಡಿ. ಕ್ರಿಮಿ ಸಾಯುತ್ತದೆ ಅಂತಲೇ ಕೊಂಡಿದ್ದವರು ಒಡೆದ ಬಾಟಲಿಯಾದರೂ, ಅಂದರೆ ಸೀಲ್ ತೆಗೆದದ್ದಾದರೂ ವಾಪಸ್ ಕಳಿಸಿ. ದುಡ್ಡು ಕೊಡುತ್ತೇವೆ, ಕೊರಿಯರ್ ಖರ್ಚೂ ನಮ್ಮದೇ.

ಇಂತಿ,
ಸಂಘದ ಪರವಾಗಿ, ಕಾರ್ಯದರ್ಶಿ