ಅಕ್ಕಿಯ ಮೇಲೆ ಬರೆದ ಹೆಸರು

ಕಲಬುರಗಿ

ಚಿ. ಕುಂ. ಸೌ. ತಂಗಿಗೆ, ಬ್ರಹ್ಮಪುರದ ಅತ್ತೆ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಅಪ್ಪ ನಿನ್ನೆ ಲಗ್ನಪತ್ರಿಕೆಯ ಕರಡು ತಂದು ತೋರಿಸಿದ. ಮೇಲೆ ಶರಣಬಸವೇಶ್ವರರ ಚಿತ್ರ ಚೆನ್ನಾಗಿ ಮೂಡಿದೆ, ಕಾಗದವೂ ದಪ್ಪವಾಗಿದೆ. ಆದರೆ ವಧುವಿನ ಸಾಲಿನಲ್ಲಿ ನಿನ್ನನ್ನು ಮನೆಯಲ್ಲಿ ಕೂಗುವ ಹೆಸರನ್ನೇ ಹಾಕಿಸಿದ್ದಾನೆ! ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬರೆದ ಕೈ ಸುಮ್ಮನಿರುತ್ತದೆಯೇ? ಕೆಂಪು ಪೆನ್ನಿನಿಂದ ಗೀಟು ಹೊಡೆದು ವಾಪಸು ಕಳಿಸಿದ್ದೇನೆ. ಅವನಿಗೆ ಸಿಟ್ಟು ಬಂದಿದೆ. ಮಂದಿಗೆ ಗೊತ್ತಿರುವುದು ಆ ಹೆಸರೇ ಎನ್ನುತ್ತಾನೆ. ಮಂದಿ ಬಂದು ಉಂಡು ಹೋಗುತ್ತಾರೆ. ಪತ್ರಿಕೆ ಮಾತ್ರ ಮದುವೆಯ ನೋಂದಣಿಗೆ ದಾಖಲೆಯಾಗಿ ಉಳಿಯುತ್ತದೆ.

ವಿಡಿಯೊ ಕರೆಯಲ್ಲಿ ಇದನ್ನು ಹೇಳಲು ಆಗಲಿಲ್ಲ. ಜರ್ಮನಿಯಲ್ಲಿ ನಿನಗೆ ಸಂಜೆ ಆರಾದಾಗ ನಮಗೆ ರಾತ್ರಿ ಹತ್ತೂವರೆ. ನೀನು ಕೆಲಸ ಮುಗಿಸಿ ಕೋಟು ಕಳಚುವಷ್ಟರಲ್ಲಿ ಇಲ್ಲಿ ಎಲ್ಲರೂ ಮೊಬೈಲಿನ ಮುಂದೆ ಮುಗಿಬೀಳುತ್ತಾರೆ. ಒಬ್ಬಳು ಇಳಕಲ್ ಸೀರೆಯ ಸೆರಗು ಹಿಡಿದು ತೋರಿಸುತ್ತಾಳೆ, ಇನ್ನೊಬ್ಬಳು ಬೋರಮಾಳ ಸರ. ನಿನ್ನ ಮುಖ ಅರ್ಧ ಕಾಣುತ್ತದೆ, ಹಿಂದೆ ಕುಕ್ಕರ್ ಕೂಗುತ್ತದೆ. ಹೋದ ವಾರ ನೀನು ಮೆಣಸಿನಕಾಯಿ ಹುರಿದು ಹೊಗೆಯ ಗಂಟೆ ಬಾರಿಸಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ಹದಿನೆಂಟು ದಿನದ ರಜೆಗೆ ಅಷ್ಟು ಲೆಕ್ಕ ಹಾಕುತ್ತಿರುವ ಹುಡುಗಿಗೆ ನಾವು ಸೀರೆಯ ಬಣ್ಣವನ್ನು ಬಿಟ್ಟು ಬೇರೇನನ್ನೂ ಕೇಳಲಿಲ್ಲವಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ. ಬರೆದು, ಪಕ್ಕದ ಮನೆಯ ಹುಡುಗನಿಂದ ಫೋಟೊ ತೆಗೆಸಿ ಕಳಿಸುತ್ತೇನೆ.

ನನ್ನ ಹೆಸರಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರು ಶರಣಮ್ಮ. ನಮ್ಮ ಓಣಿಯಲ್ಲಿ ಆ ಹೆಸರು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತಿದ್ದವು. ಮದುವೆಯಾಗಿ ಗಂಡನ ಮನೆಗೆ ಕಾಲಿಟ್ಟ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದ ತುದಿಯಿಂದ ಹೊಸ ಹೆಸರು ಬರೆಸಿದರು: ಸುಮಂಗಲಾ. ಚೆಂದದ ಹೆಸರೇ, ಇಲ್ಲವೆನ್ನುವುದಿಲ್ಲ. ಅವತ್ತಿನಿಂದ ರೇಷನ್ ಕಾರ್ಡು, ಮತದಾರರ ಪಟ್ಟಿ, ನಿನ್ನ ಮಾವನ ವಿಮೆ, ಮನೆಯ ಕಾಗದ ಎಲ್ಲದರಲ್ಲಿ ಸುಮಂಗಲಾ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ನೌಕರಿಯ ಸೇವಾ ಪುಸ್ತಕದಲ್ಲಿ ಶರಣಮ್ಮ. ಅವರು ಇರುವತನಕ ಇಬ್ಬರೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಿದರು.

ಅವರು ತೀರಿಕೊಂಡ ಮೇಲೆ ವಿಮೆಯ ಹಣಕ್ಕಾಗಿ ಒಂದು ಕಚೇರಿಗೆ ಹೋದೆ. ಮೇಜಿನ ಆಚೆಗಿದ್ದವರು ನನ್ನ ನೌಕರಿಯ ಗುರುತಿನ ಚೀಟಿ ನೋಡಿ, "ಸುಮಂಗಲಾ ಅವರನ್ನೇ ಕರೆದುಕೊಂಡು ಬನ್ನಿ" ಎಂದರು. ಎಲ್ಲಿಂದ ಕರೆತರಲಿ? ಏಳು ತಿಂಗಳು ಓಡಾಡಿದೆ. ಕೊನೆಗೆ ವಕೀಲರ ಮುಂದೆ ಕುಳಿತು, ಶರಣಮ್ಮ ಹಾಗೂ ಸುಮಂಗಲಾ ಎಂಬ ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಪತ್ರ ಮಾಡಿಸಿದೆ. ಹಣೆ ಬರಿದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸ್ಥಿತಿಯಲ್ಲಿ ನಾನೇ ಸುಮಂಗಲಾ ಎಂದು ಸಹಿ ಹಾಕಿದೆ.

ಈಗ ನಿನ್ನ ಸಂಗತಿಗೆ ಬರುತ್ತೇನೆ. ಬೀದರಿನ ಬೀಗರು ಒಳ್ಳೆಯ ಜನ. ಆ ತಾಯಿ ಮೊನ್ನೆ ಫೋನಿನಲ್ಲಿ, ಸೊಸೆಗೆ ಒಂದು ಹೆಸರು ಮನಸ್ಸಿನಲ್ಲಿಟ್ಟಿದ್ದೇನೆ ಎಂದು ಪ್ರೀತಿಯಿಂದಲೇ ಹೇಳಿದರು. ಅದನ್ನು ಕೇಳಿಸಿಕೊಂಡೆ, ಉತ್ತರ ಕೊಡಲಿಲ್ಲ. ಅದು ನಿನ್ನ ಬಾಯಿಂದ ಬರಬೇಕಾದ ಉತ್ತರ. ಅವರು ಬರೆಯಲಿ, ನೀನು ನಗುತ್ತ ಉಂಗುರ ಹಿಡಿ. ಮರುದಿನ ಆ ಅಕ್ಕಿ ಅನ್ನವಾಗಿಬಿಡಲಿ. ಕಾಗದಕ್ಕೆ ಆ ಹೆಸರು ಇಳಿಯಬಾರದು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂದು ನಮ್ಮ ಕಾನೂನು ಎಲ್ಲಿಯೂ ಹೇಳುವುದಿಲ್ಲ, ಪಾಸ್‌ಪೋರ್ಟಿನವರೂ ಕೇಳುವುದಿಲ್ಲ.

ನಿನ್ನ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಈ ಮದುವೆಯಲ್ಲಿ ಊರು ಬಿಟ್ಟು ಹೋಗುವವನು ಮದುಮಗ. ಹೈದರಾಬಾದಿನ ನೌಕರಿ ಬಿಟ್ಟು ನಿನ್ನ ಮ್ಯೂನಿಕ್‌ಗೆ ಬರಲಿದ್ದಾನೆ. ಅವನ ವೀಸಾ ನಿಂತಿರುವುದೇ ನಿನ್ನ ನೌಕರಿಯ ಕರಾರಿನ ಮೇಲೆ, ನಿನ್ನ ವಾಸದ ಪರವಾನಗಿಯ ಮೇಲೆ. ಮದುವೆ ಪ್ರಮಾಣ ಪತ್ರದಲ್ಲಿ ಬೇರೆ ಹೆಸರಿನ ಹೆಣ್ಣು ಕಂಡರೆ ಅಲ್ಲಿನವರು, ಈತ ಯಾರ ಗಂಡ ಎಂದು ಕೇಳುವುದು ಸಹಜ. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ನಂಬಲೆಂದು ಹಾಕುವ ಮುದ್ರೆಗೆ ಅಪೊಸ್ಟಿಲ್ ಎನ್ನುತ್ತಾರಲ್ಲ, ಭಾರತ 2005ರಿಂದ ಆ ಒಪ್ಪಂದದಲ್ಲಿದ್ದರೂ ಜರ್ಮನಿ ನಮ್ಮ ಕಾಗದಗಳಿಗೆ ಆ ಮುದ್ರೆಯನ್ನು ಒಪ್ಪಿಲ್ಲ. ಬೇಕೆನಿಸಿದರೆ ಅವರೇ ಇಲ್ಲಿ ವಿಚಾರಣೆ ಮಾಡಿಸುತ್ತಾರೆ ಎಂದು ನೀನೇ ಹೇಳಿದ್ದೆ. ಓಣಿಯಲ್ಲಿ ಬಂದು ಕೇಳಿದರೆ ನಮ್ಮ ಜನ ನಿನ್ನ ಅಡ್ಡಹೆಸರಿನ ಜೊತೆಗೆ ನಿನ್ನ ಮುತ್ತಜ್ಜನ ಜಮೀನಿನ ವ್ಯಾಜ್ಯವನ್ನೂ ಹೇಳಿ ಕಳಿಸುತ್ತಾರೆ! ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದು ಅಕ್ಷರವೂ ಹೆಚ್ಚುಕಡಿಮೆಯಾಗದೆ, ಲಗ್ನಪತ್ರಿಕೆಯಲ್ಲೂ ನೋಂದಣಿಯಲ್ಲೂ ಇರಲಿ. ಹಿಂದೂ ವಿವಾಹ ಕಾಯ್ದೆಯ ನೋಂದಣಿಗೆ 2024ರಿಂದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ರಜೆ ಮುಗಿಯುವ ಮೊದಲೇ ಅದನ್ನು ಮಾಡು. ಸಾಕ್ಷಿಗೆ ನಾನಿದ್ದೇನೆ, ಶರಣಮ್ಮ ಎಂದೇ ಸಹಿ ಹಾಕುತ್ತೇನೆ.

ಹೆಸರಿನ ಮಾತು ಬಂತಲ್ಲ, ಊರಿನದೂ ಒಂದಿದೆ. ನಿನ್ನ ಜನನ ಪ್ರಮಾಣ ಪತ್ರದಲ್ಲಿ, ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗಾ ಎಂದಿದೆ; ಈಗ ಸಿಗುವ ಮದುವೆ ಪ್ರಮಾಣ ಪತ್ರದಲ್ಲಿ ಕಲಬುರಗಿ ಎಂದಿರುತ್ತದೆ. 2014ರ ನವೆಂಬರ್ 1ರಂದು ಹೆಸರು ಬದಲಾಯಿತು ಎಂಬ ಸರಕಾರದ ಅಧಿಸೂಚನೆಯ ಪ್ರತಿಯನ್ನು ಅನುವಾದದ ಸಮೇತ ಜೊತೆಗಿಟ್ಟುಕೊ. ಇಷ್ಟು ದೊಡ್ಡ ಊರು ತನ್ನ ತವರಿನ ಹೆಸರನ್ನು ಮರಳಿ ಪಡೆಯಿತು, ನನಗೆ ಆಗಲಿಲ್ಲ ನೋಡು.

ಒಡವೆಯ ಮಾತು ಚಿಕ್ಕದು. ಎರಡೂ ಕಡೆಯವರು ಕೊಡುವ ವಸ್ತುಗಳ ಪಟ್ಟಿ ಬರೆದು, ನೀವಿಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರ ನಿಯಮಗಳು ಅದನ್ನೇ ಹೇಳುತ್ತವೆ. ಬೀಗರು ಏನಂದುಕೊಂಡಾರು ಎಂದು ನಿನ್ನ ಅವ್ವ ಹೆದರುತ್ತಾಳೆ. ನಾನು ಹೇಳಿದೆ ಎಂದು ಹೇಳು, ಕೆಟ್ಟವಳಾಗಲು ನನಗೆ ಅಭ್ಯಾಸವಿದೆ.

ಮದುವೆ ವೈಶಾಖದಲ್ಲಿ, ಮುಹೂರ್ತ ನಡುಮಧ್ಯಾಹ್ನ, ಹೊರಗೆ ನಲವತ್ತೆರಡು ಡಿಗ್ರಿ. ಈ ದಿನವನ್ನು ಆರಿಸಿದವರನ್ನು ಬೈಯಬೇಡ, ಆರಿಸಿದ್ದು ನಿನ್ನ ರಜೆ. ಹೈದರಾಬಾದಿನಲ್ಲಿ ಇಳಿದು ಜಹೀರಾಬಾದ್, ಹುಮನಾಬಾದ್ ಮೇಲೆ ಬರುವಾಗ ಹಗಲಿನ ಬಿಸಿಲನ್ನು ತಪ್ಪಿಸಿಕೊಂಡು ಬಾ. ಹಂದರ ಹಾಕುವ ದಿನಕ್ಕೆ ಮೂರು ದಿನ ಮೊದಲೇ ಮನೆಯಲ್ಲಿರು. ಸುರಗಿಯ ಶಾಸ್ತ್ರಕ್ಕೆ ನೂಲು ಸುತ್ತುವ ಐವರು ಮುತ್ತೈದೆಯರಲ್ಲಿ ನನಗೆ ಜಾಗವಿಲ್ಲ. ಹಾಡು ಮಾತ್ರ ನನ್ನದೇ. ಅದು ಅವರಲ್ಲಿ ಯಾರಿಗೂ ಬರುವುದಿಲ್ಲ.

ಬೀದರಿನ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತು ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿಸುತ್ತಾರೆ. ತಡವರಿಸಬೇಡ. ನಿನಗೆಂದೇ ಒಂದು ಕಟ್ಟಿದ್ದೇನೆ: "ಶರಣಬಸಪ್ಪನ ತೇರಿಗೆ ಉತ್ತತ್ತಿ ಎಸೆದೆ, ನಮ್ಮ ರಾಯರ ಹೆಸರನ್ನು ವೀಸಾದ ಮೇಲೆ ಓದಿದೆ." ರಾಯರ ಜಾಗದಲ್ಲಿ ಅವನ ಹೆಸರು ಹಾಕಿಕೊ. ಅವನಿಗೂ ಒಂದು ಕಲಿಸು. ಗಂಡು ಹೆಂಡತಿಯ ಹೆಸರು ಹೇಳಿ ಒಳಗೆ ಬರುವುದನ್ನು ನಮ್ಮ ಮನೆಯ ಹೊಸ್ತಿಲೂ ಒಮ್ಮೆ ನೋಡಲಿ.

ಇನ್ನು, ಅವನು ನಿನ್ನ ಮನೆಗೆ ಬಂದ ಮೇಲಿನ ಮೊದಲ ಆರು ತಿಂಗಳು. ನಾನು ಸೊಸೆಯಾಗಿ ಹೋದಾಗ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲು ಮೂರು ದಿನ ನಾಚಿದ್ದೆ. ಎಲ್ಲರೂ ಎದ್ದು ಅವರವರ ಕೆಲಸಕ್ಕೆ ಹೋದರೆ ಆ ಮನೆಯ ಗೋಡೆಗಳು ನನ್ನನ್ನೇ ನೋಡುತ್ತಿದ್ದವು. ಈಗ ಆ ಜಾಗದಲ್ಲಿ ಅವನು ಇರುತ್ತಾನೆ: ಭಾಷೆ ಬಾರದು, ನೌಕರಿ ಇಲ್ಲ, ನಾಲ್ಕಕ್ಕೇ ಕತ್ತಲು, ನೀನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಕಾರಣವಿಲ್ಲದೆ ಮುಖ ಊದಿಸಿಕೊಂಡಾನು. ಅದನ್ನು ಗಂಡಸಿನ ಕೊಬ್ಬು ಎಂದುಕೊಳ್ಳುವ ಮೊದಲು ಹೊಸ ಸೊಸೆಯ ಅಳು ಇರಬಹುದೇ ನೋಡು. ಎಲ್ಲ ಸಲವೂ ಅಳುವೇ ಎಂದು ನಾನು ಹೇಳುವುದಿಲ್ಲ, ಕೊಬ್ಬೂ ಇರುತ್ತದೆ. ರೊಟ್ಟಿ ಬಡಿಯಲು ಕಲಿಸು. ಜೋಳದ ಹಿಟ್ಟು ನಾನು ಕಟ್ಟಿಕೊಡುತ್ತೇನೆ. ಖರ್ಚಿಗೆ ನಿನ್ನ ಮುಂದೆ ಕೈಯೊಡ್ಡುವಂತೆ ಮಾಡಬೇಡ. ಆ ಕೈಯೊಡ್ಡುವುದು ಏನೆಂದು ನೌಕರಿ ಸಿಗುವ ಮೊದಲಿನ ನಾಲ್ಕು ವರ್ಷ ನಾನು ನೋಡಿದ್ದೇನೆ.

ನಿಮ್ಮಲ್ಲಿ ಕರೆಗಂಟೆಯ ಮೇಲೆ, ಅಂಚೆ ಪೆಟ್ಟಿಗೆಯ ಮೇಲೆ ಹೆಸರು ಅಂಟಿಸಿರದಿದ್ದರೆ ಪತ್ರವೇ ಬಂದು ಮುಟ್ಟುವುದಿಲ್ಲ ಎಂದಿದ್ದೆಯಲ್ಲ. ಅವನ ವಿಮಾನ ಇಳಿಯುವ ಹಿಂದಿನ ದಿನವೇ ಅವನ ಹೆಸರನ್ನೂ ಅಂಟಿಸು, ನಿನ್ನ ಹೆಸರಿನ ಕೆಳಗಲ್ಲ, ಪಕ್ಕದಲ್ಲಿ.

ಇಂತಿ ನಿನ್ನ ಸೋದರತ್ತೆ,
ಶರಣಮ್ಮ

ತಾ. ಕ.: ಕುಪ್ಪಸಕ್ಕೆ ಅಳತೆಪಟ್ಟಿ ಹಿಡಿದು ನೀನೇ ಬರೆದು ಕಳಿಸಿದ ಸಂಖ್ಯೆಗಳನ್ನು ನೋಡಿ ದರ್ಜಿ ನಕ್ಕುಬಿಟ್ಟ. ನಿನ್ನ ಗೆಳತಿ ಈ ತಿಂಗಳು ಬರುವವಳಿದ್ದಾಳಲ್ಲ, ಅವಳ ಕೈಯಲ್ಲಿ ಮೈಗೆ ಸರಿಯಾಗಿ ಕೂರುವ ಹಳೆಯ ಕುಪ್ಪಸ ಒಂದನ್ನು ಕಳಿಸು.