ಗೋಡೆಯ ಸರ್ಟಿಫಿಕೇಟು ನೋಡಿದಿರಿ, ನೋಂದಣಿ ಸಂಖ್ಯೆ ಕೇಳಿದಿರಾ?

ಮಾನ್ಯ ಸಂಪಾದಕರೇ,

ಘಟ್ಟದ ಮೇಲಿನ ವಸತಿ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹುಡುಗನಿಗೆ ಫಿಟ್ಸ್ ಬಂದ ಸುದ್ದಿ ನಿಮ್ಮ ಸೋಮವಾರದ ಪತ್ರಿಕೆಯಲ್ಲಿ ಬಂದಿದೆ. ‘ಶಾಲೆಯ ನರ್ಸ್ ತಕ್ಷಣ ಪ್ರಥಮ ಚಿಕಿತ್ಸೆ ನೀಡಿದರು’ ಎಂದು ಬರೆದಿದ್ದೀರಿ. ಏನು ಪ್ರಥಮ ಚಿಕಿತ್ಸೆ? ಕೈಗೆ ಬೀಗದ ಕೈ ಗೊಂಚಲು ಕೊಟ್ಟರು, ಹಲ್ಲಿನ ಸಂದಿಗೆ ಚಮಚ ತೂರಿದರು, ಎಚ್ಚರ ಬರಲೆಂದು ಬಾಯಿಗೆ ನೀರು ಹೊಯ್ದರು. ಇದೂ ನಿಮ್ಮದೇ ವರದಿಯಲ್ಲಿದೆ. ಹುಡುಗ ಉಳಿದುಕೊಂಡ, ಪುಣ್ಯ. ಆದರೆ ಜೊತೆಗೆ ಅಚ್ಚಾದ ಫೋಟೊ ನೋಡಿ. ಸಿಕ್ ರೂಮಿನ ಗೋಡೆಗೆ ಬಂಗಾರದ ಅಂಚಿನ ಫ್ರೇಮು, ಒಳಗೆ ‘ಡಿಪ್ಲೊಮಾ ಇನ್ ನರ್ಸಿಂಗ್ ಕೇರ್, ಅವಧಿ 6 ತಿಂಗಳು’, ಕೆಳಗೆ ದುಂಡನೆಯ ಕೆಂಪು ಸೀಲು, ಯಾರದೋ ಸಹಿ. ಭೂತಗನ್ನಡಿ ಹಿಡಿದು ಹುಡುಕಿದೆ. ನರ್ಸುಗಳ ಹೆಸರು ದಾಖಲಿಸುವ ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಂಖ್ಯೆ ಎಲ್ಲೂ ಇಲ್ಲ. ನೋಂದಣಿ ಇಲ್ಲದವರು ನರ್ಸ್ ಅಲ್ಲ. ಇದನ್ನು ನಿಮ್ಮ ವರದಿಗಾರರೂ ಕೇಳಲಿಲ್ಲ, ಕೆಲಸಕ್ಕೆ ತೆಗೆದುಕೊಂಡವರೂ ಕೇಳಲಿಲ್ಲ, ವರ್ಷ ವರ್ಷ ಜೀಪಿನಲ್ಲಿ ಬಂದು ತಪಾಸಣೆ ಪುಸ್ತಕಕ್ಕೆ ಸಹಿ ಹಾಕಿ ಹೋಗುವವರೂ ಕೇಳಲಿಲ್ಲ.

ಫಿಟ್ಸ್ ಬಂದ ಮಗುವನ್ನು ಎಡ ಮಗ್ಗುಲಿಗೆ ಹೊರಳಿಸಬೇಕು. ತಲೆಯಡಿ ಮೆತ್ತಗಿನದೇನಾದರೂ ಇಟ್ಟು, ಕತ್ತಿನ ಗುಂಡಿ, ಟೈ ಸಡಿಲಿಸಿ, ಗಡಿಯಾರ ನೋಡಬೇಕು. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಗೆ ಏನನ್ನೂ ಹಾಕಬಾರದು. ಚಮಚ ತೂರಿದರೆ ಹಲ್ಲು ಮುರಿದು ಉಸಿರ್ನಾಳಕ್ಕೆ ಹೋಗಬಹುದು, ಆ ಹೊತ್ತಿಗೆ ನುಂಗುವ ಶಕ್ತಿ ಇರುವುದಿಲ್ಲವಾದ್ದರಿಂದ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಬಹುಪಾಲು ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಕೈಗೆ ಕೊಟ್ಟ ಕಬ್ಬಿಣಕ್ಕೆ ಬರುತ್ತದೆ. ಐದು ನಿಮಿಷ ದಾಟಿದರೆ, ಆ ಮಗುವಿಗೆಂದು ವೈದ್ಯರು ಮೊದಲೇ ಬರೆದುಕೊಟ್ಟ, ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಸ್ಪ್ರೇಯನ್ನು ಮೂಗಿಗೆ ಹೊಡೆದು 108ಕ್ಕೆ ಹೇಳಬೇಕು. ಇದು ನರ್ಸಿಂಗ್ ವಿದ್ಯಾರ್ಥಿಗೆ ಬಾಯಿಪಾಠವಾಗಿರಬೇಕಾದ ವಿಷಯ.

ವರದಿ ಬಂದ ದಿನದಿಂದ ನರ್ಸಿಂಗ್ ಕಲಿಸಿದ ನಮ್ಮಂಥವರಿಗೆ ಪೇಟೆಯಲ್ಲಿ ತಿರುಗುವ ಹಾಗಿಲ್ಲ. ಹಾಲಿನ ಡೈರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲೂ ಒಂದೇ ಮಾತು: ‘ನಿಮ್ಮ ನರ್ಸುಗಳು ಹೀಗೆಯೋ?’ ಆರು ತಿಂಗಳ ಕೋರ್ಸು ಮಾಡಿಸಿ ನರ್ಸ್ ಆದೆ ಎಂದು ನಂಬಿಸಿದವರು ಬೇರೆ, ನಂಬಿ ದುಡ್ಡು ಕಟ್ಟಿದ ಆ ಹುಡುಗಿ ಬೇರೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಶಾಲಾ ಆಡಳಿತದವರು ಇಷ್ಟಾದರೂ ಓದಿಕೊಳ್ಳಲಿ. ನರ್ಸ್ ಆಗಿ ಹೆಸರು ನೋಂದಾಯಿಸಿಕೊಳ್ಳಲು ಮೊದಲ ಹಂತದ ಕೋರ್ಸು ಮೂರು. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ): ಪಿಯುಸಿ ಯಾವ ವಿಭಾಗವಾದರೂ ಸರಿ, ಒಂದೂವರೆ ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ): ಪಿಯುಸಿಯಲ್ಲಿ ಶೇ 40 ಅಂಕ, ಮೂರು ವರ್ಷ. ಬಿಎಸ್ಸಿ ನರ್ಸಿಂಗ್: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ನಾಲ್ಕು ವರ್ಷ. ಜಿಎನ್‌ಎಂ ಆದವರು ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಹೋಮ್ ನರ್ಸಿಂಗ್, ನರ್ಸಿಂಗ್ ಅಸಿಸ್ಟೆಂಟ್, ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಸಣ್ಣ ಕೋರ್ಸುಗಳಿವೆ. ಹಾಸಿಗೆ ಹಾಸುವುದು, ಮೈ ಒರೆಸುವುದು, ಊಟ ಮಾಡಿಸುವುದು ಅವರ ಕೆಲಸ. ಮರ್ಯಾದೆಯ ಕೆಲಸವೇ, ಆದರೆ ಅದರಿಂದ ಕೌನ್ಸಿಲಿನಲ್ಲಿ ಹೆಸರು ಸೇರುವುದಿಲ್ಲ.

ಪರೀಕ್ಷೆ ಪಾಸಾದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕು. ಜಿಎನ್‌ಎಂ, ಬಿಎಸ್ಸಿ ಆದವರಿಗೆ ನರ್ಸ್ ಮತ್ತು ಮಿಡ್‌ವೈಫ್ ಎರಡೂ ನೋಂದಣಿ ಇರುತ್ತದೆ. ಅದರ ಮೇಲೆ ಭಾರತೀಯ ನರ್ಸಿಂಗ್ ಕೌನ್ಸಿಲಿನ ರಾಷ್ಟ್ರೀಯ ರಿಜಿಸ್ಟರಿನ ಗುರುತಿನ ಸಂಖ್ಯೆ ಬೇರೆ. ನವೀಕರಣ ಐದು ವರ್ಷಕ್ಕೊಮ್ಮೆ, ಅದಕ್ಕೆ ಐದು ವರ್ಷದಲ್ಲಿ 150 ಗಂಟೆಯ ನಿರಂತರ ಶಿಕ್ಷಣ ತೋರಿಸಬೇಕು. ಸಂದರ್ಶನದ ಮೇಜಿನ ಮೇಲೆ ಮಾರ್ಕ್ಸ್‌ಕಾರ್ಡ್ ಇಟ್ಟುಕೊಂಡು ಕೂತರೆ ಸಾಲದು. ನೋಂದಣಿ ಪತ್ರದ ಮೂಲ ಪ್ರತಿ ಕೇಳಿ, ನವೀಕರಣದ ಕೊನೆಯ ದಿನಾಂಕ ನೋಡಿ, ಸಂಖ್ಯೆಯನ್ನು ಕೌನ್ಸಿಲಿನಲ್ಲಿ ತಾಳೆ ಹಾಕಿ. ತೊಡಕು ಬರುವ ಜಾಗಗಳೂ ಗೊತ್ತಿದ್ದದ್ದೇ. ಮೂಲ ಪ್ರತಿಯನ್ನು ಹಿಂದಿನ ಆಸ್ಪತ್ರೆಯವರು ಬಾಂಡ್ ಎಂದು ಇಟ್ಟುಕೊಂಡಿರುತ್ತಾರೆ, ಕೈಯಲ್ಲಿರುವುದು ಜೆರಾಕ್ಸು. ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪನ ಇನಿಶಿಯಲ್ಲು, ಆಧಾರಿನಲ್ಲಿ ಗಂಡನ ಹೆಸರು. ಕಾರವಾರ, ಸದಾಶಿವಗಡದ ಕಡೆಯ ಹುಡುಗಿಯರು ಗೋವಾದಲ್ಲಿ ಓದಿ ಅಲ್ಲಿಯ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಇಲ್ಲಿ ಕೆಲಸಕ್ಕೆ ಸೇರುವಾಗ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಗೆ ವರ್ಗ ಮಾಡಿಸಬೇಕು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಅವರು ಓದಿದವರೇ. ತಿದ್ದಿಸಿದರೆ ಸರಿಯಾಗುತ್ತದೆ. ಆರು ತಿಂಗಳ ಫ್ರೇಮನ್ನು ಏನು ಮಾಡಿದರೂ ತಿದ್ದಲಾಗದು.

ಶಾಲಾ ನರ್ಸಿಗೆಂದೇ ಬೇರೆ ಪ್ರಮಾಣಪತ್ರ ಇದೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಇದೆ. ಅಲ್ಲಿ 1902ರಲ್ಲೇ ಲೀನಾ ರೋಜರ್ಸ್ ಎಂಬ ನರ್ಸನ್ನು ನ್ಯೂಯಾರ್ಕಿನ ಶಾಲೆಗಳಿಗೆ ಕಳಿಸಿದ್ದರು. ಕಜ್ಜಿ, ಕಣ್ಣುಬೇನೆ ಎಂದು ಮನೆಗೆ ಅಟ್ಟಿಸಿಕೊಂಡ ಮಕ್ಕಳು ತರಗತಿಗೆ ಮರಳಿದ್ದು ಅವರಿಂದ. ಈಗ ಅಲ್ಲಿ ನೋಂದಾಯಿತ ನರ್ಸ್ ಆಗಿ, ಪದವಿ ಇದ್ದು, ಬೇರೆ ಪರೀಕ್ಷೆ ಬರೆದವರಿಗೆ ಶಾಲಾ ನರ್ಸ್ ಪ್ರಮಾಣಪತ್ರ ಸಿಗುತ್ತದೆ, ಅದನ್ನೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮಲ್ಲಿ ಶಾಲಾ ಆರೋಗ್ಯ ಎನ್ನುವುದು ಸಮುದಾಯ ಆರೋಗ್ಯ ಶುಶ್ರೂಷೆಯ ಪಾಠದೊಳಗೇ ಬರುತ್ತದೆ. ಆದ್ದರಿಂದಲೇ ಆ ಪಾಠ ಓದಿದವರು ಬೇಕು. ನವೋದಯ ವಿದ್ಯಾಲಯಗಳು ಸ್ಟಾಫ್ ನರ್ಸ್ ಹುದ್ದೆಗೆ ಬಿಎಸ್ಸಿ ನರ್ಸಿಂಗ್, ನೋಂದಣಿ, ಜೊತೆಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡೂವರೆ ವರ್ಷದ ಅನುಭವ ಕೇಳುತ್ತವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ನವೋದಯ ಮುಂಡಗೋಡಿನಲ್ಲೇ ಇದೆ. ಅಲ್ಲಿಯ ಮಕ್ಕಳಿಗೆ ಬೇಕಾದ ನರ್ಸು ಉಳಿದ ಹಾಸ್ಟೆಲ್ಲುಗಳ ಮಕ್ಕಳಿಗೆ ಬೇಡವೇ?

ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಡಾಕ್ಟರು ಇರುತ್ತಾರೆ. ಶಾಲೆಯಲ್ಲಿ ರಾತ್ರಿ ಎರಡು ಗಂಟೆಗೆ ನರ್ಸ್ ಒಬ್ಬಳೇ. ಅದಕ್ಕೇ ವೈದ್ಯರ ಸಹಿ ಇರುವ ಸ್ಥಾಯಿ ಆದೇಶದ ಹಾಳೆ ಔಷಧದ ಕಪಾಟಿನ ಬಾಗಿಲಿಗೇ ಅಂಟಿರಬೇಕು: ಯಾವ ಔಷಧ, ಎಷ್ಟು ತೂಕಕ್ಕೆ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಯಾವಾಗ ಫೋನು. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ. ಇಪ್ಪತ್ತು ಕಿಲೋ ಮಗುವಿಗೆ 300 ಸಾಕು. ನಮ್ಮ ಸಿಕ್ ರೂಮುಗಳಲ್ಲಿ ತೂಕದ ಯಂತ್ರವೇ ಇಲ್ಲದೆ ಒಂದನೇ ತರಗತಿಯವನಿಗೂ ಹತ್ತನೆಯವನಿಗೂ 500ರ ಇಡೀ ಮಾತ್ರೆ. ಉಬ್ಬಸದ ಮಗುವಿಗೆ ಇನ್ಹೇಲರ್ ಇದ್ದರೆ ಸಾಲದು, ಅದರ ಬಾಯಿಗೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಬೇಕು. ಅದಿಲ್ಲದಿದ್ದರೆ ಔಷಧ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಬಿಸಿಯೂಟದ ನಂತರ ಕೊಡಬೇಕಾದ್ದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟು, ಮಕ್ಕಳು ಸಾಲಾಗಿ ವಾಂತಿ ಮಾಡಿದರೆ ಮರುದಿನ ‘ಮಾತ್ರೆ ಸೇವಿಸಿ ಅಸ್ವಸ್ಥ’ ಎಂಬ ಸುದ್ದಿ, ಆಮೇಲೆ ಆ ಊರಿನಲ್ಲಿ ಯಾವ ತಾಯಿಯೂ ಮಾತ್ರೆ ನುಂಗಿಸಲು ಬಿಡುವುದಿಲ್ಲ.

ಇನ್ನು ಮಂಗನ ಕಾಯಿಲೆ. ಸಿದ್ದಾಪುರ, ಶಿರಸಿ, ಹೊನ್ನಾವರದ ಕಡೆಯ ಮಗು ರಜೆಗೆ ಮನೆಗೆ ಹೋಗಿ, ಬೆಟ್ಟಕ್ಕೆ ದರಕು ತರಲು ಹೋದವರ ಜೊತೆ ತಿರುಗಿ, ಉಣುಗು ಕಚ್ಚಿಸಿಕೊಂಡು ಹಾಸ್ಟೆಲ್ಲಿಗೆ ಬಂದಿರುತ್ತದೆ. ಮೂರರಿಂದ ಎಂಟು ದಿನದೊಳಗೆ ಧಡಕ್ಕನೆ ಜ್ವರ, ತಲೆನೋವು, ಸೊಂಟ ನೋವು. ಬೇಸಿಗೆಯಲ್ಲಿ ಹೀಗಾದರೆ ‘ಎಲ್ಲಿಗೆ ಹೋಗಿದ್ದೆ’ ಎಂದು ಕೇಳಿ, ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಹುಡುಕಿ, ರಕ್ತ ಪರೀಕ್ಷೆಗೆ ಕಳಿಸಬೇಕು. ನೋವಿಗೆಂದು ಡೈಕ್ಲೊಫೆನಾಕ್, ಆಸ್ಪಿರಿನ್ ಕೊಡಬಾರದು, ರಕ್ತಸ್ರಾವದ ಭಯ ಇದೆ. ಆರು ತಿಂಗಳ ಕೋರ್ಸಿನಲ್ಲಿ ಇದನ್ನು ಯಾರು ಹೇಳಿಕೊಡುತ್ತಾರೆ?

ಕೇಳಿದರೆ ಅಧಿಕಾರಿಗಳ ಉತ್ತರ ಸಿದ್ಧ: ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ, ಆರ್‌ಬಿಎಸ್‌ಕೆ, ಬರುತ್ತದಲ್ಲ. ಶಾಲೆಗೆ ಅದು ಬರುವುದು ವರ್ಷಕ್ಕೊಮ್ಮೆ, ಹುಟ್ಟಿನಿಂದ ಬಂದ ದೋಷ, ಕೊರತೆ, ಕಾಯಿಲೆ ಪತ್ತೆ ಹಚ್ಚಲು. ಫಿಟ್ಸ್ ತಂಡದ ತಾರೀಕು ನೋಡಿಕೊಂಡು ಬರುವುದಿಲ್ಲ. ಎರಡನೇ ಉತ್ತರ, ತರಬೇತಿ ಪಡೆದ ಶಿಕ್ಷಕರಿದ್ದಾರೆ ಎಂದು. 2020ರ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿ ಮಾಡಿದ್ದು ಪಾಠ ಹೇಳಲು, ಇನ್ಸುಲಿನ್ ಚುಚ್ಚಲು ಅಲ್ಲ. ಶಿರಸಿಗೆ ಬೇರೆ ಶೈಕ್ಷಣಿಕ ಜಿಲ್ಲೆ ಕೊಟ್ಟರು, ಜಿಲ್ಲಾ ಆರೋಗ್ಯಾಧಿಕಾರಿ ಇರುವುದು ಮಾತ್ರ ಘಟ್ಟದ ಕೆಳಗೆ ಕಾರವಾರದಲ್ಲಿ. ಒಂದು ಮೇಜಿನಲ್ಲಿ ಕೇಳಿದರೆ ‘ಅದು ಆರೋಗ್ಯ ಇಲಾಖೆ’, ಇನ್ನೊಂದರಲ್ಲಿ ‘ಅದು ಶಾಲೆಯವರದ್ದು’. ಶಿರಸಿಯಿಂದ ಕರಾವಳಿಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಮಳೆಗೆ ರಸ್ತೆ ಬಂದ್ ಆದರೆ ಆ ಮೇಜಿಗೂ ದಾರಿಯಿಲ್ಲ. ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ ಕೆಲವು ವರ್ಷ ನಿಂತೇ ಹೋಗಿತ್ತು, ಆಗಲೂ ಯಾರೂ ಬಾಯಿ ಬಿಡಲಿಲ್ಲ. 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೀದಿಗಿಳಿಯಿತು. ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವುದು ನಮಗೆ ತಪ್ಪಿಲ್ಲ. ಸ್ಟಾಫ್ ನರ್ಸ್ ಎಂಬ ಹೆಸರನ್ನು ಶುಶ್ರೂಷಾಧಿಕಾರಿ ಎಂದು ಬದಲಿಸಿದರು, ಸಂತೋಷ. ಹೊರಗುತ್ತಿಗೆಯ ಪಟ್ಟಿಯಲ್ಲಿ ಆ ಹುದ್ದೆಯನ್ನು ಅಡುಗೆ, ಕಾವಲು ಕೆಲಸದ ಸಾಲಿನಲ್ಲೇ ಬರೆದು, ವಿದ್ಯಾರ್ಹತೆಯ ಕಲಮು ಖಾಲಿ ಬಿಟ್ಟರೆ ನಾಲ್ಕು ವರ್ಷ ಓದಿದವಳು ಏಕೆ ಬರುತ್ತಾಳೆ?

ಜಿಲ್ಲೆಯ ಪ್ರತಿ ವಸತಿ ಶಾಲೆಯ ನರ್ಸಿನ ನೋಂದಣಿ ಸಂಖ್ಯೆಯನ್ನು ಸೂಚನಾ ಫಲಕಕ್ಕೆ ಹಾಕಿಸಿ. ಅದಕ್ಕಿಂತ ಮೊದಲು, ಇಷ್ಟು ವರ್ಷ ಸಂಖ್ಯೆ ಕೇಳದೆ ಸಹಿ ಹಾಕಿದವರ ಹೆಸರು ಹಾಕಿಸಿ. ಪಾಪದ ಹುಡುಗಿಯನ್ನು ಕೆಲಸದಿಂದ ತೆಗೆದು, ಫ್ರೇಮು ಇಳಿಸಿ, ಗೋಡೆಗೆ ಸುಣ್ಣ ಬಳಿದು ಕೈ ತೊಳೆದುಕೊಳ್ಳಬೇಡಿ. ತಪಾಸಣೆಗೆ ಹೋದವರು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಚಹಾ ಕುಡಿದು ಏಳದೆ ಸಿಕ್ ರೂಮಿನ ತನಕ ನಾಲ್ಕು ಹೆಜ್ಜೆ ನಡೆಯಿರಿ, ನಿಮ್ಮ ಮಕ್ಕಳನ್ನು ಅಲ್ಲಿ ಒಂದು ರಾತ್ರಿ ಮಲಗಿಸುತ್ತೀರಾ ಎಂದು ಕೇಳಿಕೊಳ್ಳಿ. ನಾಚಿಕೆಯಾಗಬೇಕು ನಿಮಗೆ.

— ನಿವೃತ್ತ ನರ್ಸಿಂಗ್ ಬೋಧಕಿ, ಶಿರಸಿ